ಚಮಚವೋ, ಮಗುವಿನ ಕೈಯೋ, ಅಂಗಡಿ ಪೊಟ್ಟಣವೋ?

ಮಗುವಿಗೆ ಮೊದಲ ಸಲ ಗಟ್ಟಿ ಆಹಾರ ಕೊಡುವ ವಿಷಯದಲ್ಲಿ ಎರಡು ಪಕ್ಷಗಳಿವೆ. ನುಣ್ಣಗೆ ಅರೆದು ಚಮಚದಲ್ಲಿ ತಿನ್ನಿಸಿ ಅನ್ನುವವರು ಒಂದು ಕಡೆ. ಮೆತ್ತಗೆ ಬೇಯಿಸಿದ ತುಂಡನ್ನು ಮಗುವಿನ ಮುಂದಿಟ್ಟು ಸುಮ್ನೆ ಕೂತುಬಿಡಿ, ಅದೇ ತಿನ್ನುತ್ತೆ ಅನ್ನುವವರು ಇನ್ನೊಂದು ಕಡೆ. ನಾನು ದೊಡ್ಡ ಮಗಳಿಗೆ ಮೊದಲನೆಯದನ್ನು ಮಾಡಿದೆ, ಚಿಕ್ಕ ಮಗನಿಗೆ ಎರಡನೆಯದನ್ನು. ನಡುವೆ ಅಂಗಡಿಯ ಪುಡಿ, ಪೌಚ್ ಕೂಡ ಮನೆಗೆ ಬಂದು ಹೋದವು. ಇಬ್ಬರು ಮಕ್ಕಳ ಸ್ವಭಾವ ಒಂದೇ ಇರುವುದಿಲ್ಲ, ಹಾಗಾಗಿ ಇದನ್ನು ಪಕ್ಕಾ ಪರೀಕ್ಷೆ ಅಂತ ತಿಳಿಯಬೇಡಿ. ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಚಮಚವೋ ಕೈಯೋ ಅನ್ನುವ ಜಗಳಕ್ಕಿಂತ, ತಟ್ಟೆಯಲ್ಲಿ ಕಬ್ಬಿಣದ ಅಂಶ ಇದೆಯಾ, ವಾರ ಕಳೆದಂತೆ ಊಟ ತುಸು ತುಸು ಗಟ್ಟಿಯಾಗುತ್ತಿದೆಯಾ ಅನ್ನುವುದೇ ದೊಡ್ಡದು.

ಶುರು ಮಾಡುವ ಕಾಲ ಎರಡಕ್ಕೂ ಒಂದೇ. ವಿಶ್ವ ಆರೋಗ್ಯ ಸಂಸ್ಥೆ 6 ತಿಂಗಳು ತುಂಬಿದ ಮೇಲೆ ಅನ್ನುತ್ತದೆ. ಕ್ಯಾಲೆಂಡರ್ ಜೊತೆಗೆ ಮಗುವನ್ನೂ ನೋಡಬೇಕು. ಕತ್ತು ಗಟ್ಟಿಯಾಗಿ ನಿಂತಿರಬೇಕು, ಸ್ವಲ್ಪ ಆಸರೆ ಕೊಟ್ಟರೆ ಕೂರಬೇಕು, ತುಟಿಗೆ ಮುಟ್ಟಿಸಿದ್ದನ್ನು ನಾಲಿಗೆಯಿಂದ ಹೊರಗೆ ತಳ್ಳುವ ಅಭ್ಯಾಸ ಕಡಿಮೆಯಾಗಿರಬೇಕು. ರಾತ್ರಿ ಜಾಸ್ತಿ ಏಳುತ್ತೆ, ಕೈ ಚೀಪುತ್ತೆ ಅಂದಮಾತ್ರಕ್ಕೆ ಊಟಕ್ಕೆ ರೆಡಿ ಅಂತಲ್ಲ. ಕೈಗೆ ಕೊಡುವ ಪದ್ಧತಿಗಂತೂ ನೆಟ್ಟಗೆ ಕೂರುವುದು ಬೇಕೇ ಬೇಕು. ಓರೆಯಾಗಿ ಒರಗಿದ ಮಗುವಿನ ಕೈಗೆ ತುಂಡು ಕೊಡಬಾರದು.

ಚಮಚದ ದೊಡ್ಡ ಲಾಭ, ಏನು ಎಷ್ಟು ಹೊಟ್ಟೆಗೆ ಹೋಯಿತು ಅಂತ ನಮಗೆ ಗೊತ್ತಾಗುತ್ತದೆ. ಇದು ಸಣ್ಣ ವಿಷಯವಲ್ಲ. ಮಗು ಹುಟ್ಟುವಾಗ ತಾಯಿಯಿಂದ ತಂದ ಕಬ್ಬಿಣದ ದಾಸ್ತಾನು ಸುಮಾರು 6 ತಿಂಗಳ ಹೊತ್ತಿಗೆ ಖಾಲಿಯಾಗುತ್ತಾ ಬರುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಇರುವುದು ಕಡಿಮೆ. 7ರಿಂದ 12 ತಿಂಗಳ ಮಗುವಿಗೆ ಅಮೆರಿಕದ ಲೆಕ್ಕದಲ್ಲಿ ದಿನಕ್ಕೆ 11 ಮಿಲಿಗ್ರಾಂ ಕಬ್ಬಿಣ ಬೇಕು. ಬೆಳೆದ ಗಂಡಸಿಗೆ ಬೇಕಾದದ್ದು 8! ಅಂಗೈಯಷ್ಟು ಹೊಟ್ಟೆಗೆ ಅಪ್ಪನಿಗಿಂತ ಜಾಸ್ತಿ. ಹಾಗಾಗಿ ಮೊದಲ ಊಟ ಅಂದರೆ ಕ್ಯಾರೆಟ್, ಸೇಬು, ಬಾಳೆಹಣ್ಣು ಇಷ್ಟೇ ಅಂತ ವಾರಗಟ್ಟಲೆ ಕೂತರೆ ಬಣ್ಣ ಚೆಂದ, ಸಾರ ಕಮ್ಮಿ. ಬೇಯಿಸಿದ ಬೇಳೆ, ಕಾಳು, ಪೂರ್ತಿ ಬೆಂದ ಮೊಟ್ಟೆ, ತಿನ್ನುವ ಮನೆಯಾದರೆ ಮೆತ್ತಗೆ ಅರೆದ ಮಾಂಸ, ಇವು ಬೇಗ ಬರಬೇಕು. ಬೇಳೆಕಾಳಿನ ಕಬ್ಬಿಣ ಮೈಗೆ ಹತ್ತಲು ವಿಟಮಿನ್ ಸಿ ಸಹಾಯ ಮಾಡುತ್ತದೆ. ಅದಕ್ಕೇ ಬೇಳೆಯ ಜೊತೆ ಒಂದಿಷ್ಟು ಟೊಮೆಟೊ ಅಥವಾ ಮೇಲೊಂದು ಚೂರು ಕಿತ್ತಳೆ.

ಇನ್ನೊಂದು, ನೀರಾದ ಗಂಜಿ ಕೊಡುವುದು ದಂಡ. ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬಿಹೋಗುತ್ತದೆ. ಚಮಚವನ್ನು ಓರೆ ಮಾಡಿದರೆ ಸುರಿದುಹೋಗದೆ ನಿಲ್ಲುವಷ್ಟು ಮಂದ ಇರಬೇಕು. 6ರಿಂದ 8 ತಿಂಗಳಲ್ಲಿ ಹಾಲಿನ ಹೊರತಾಗಿ ಊಟದಿಂದ ಬೇಕಾಗುವುದು ದಿನಕ್ಕೆ ಸುಮಾರು 200 ಕ್ಯಾಲೊರಿ ಅಷ್ಟೇ. ಅದಕ್ಕೆ ಬಟ್ಟಲುಗಟ್ಟಲೆ ತಿನ್ನಿಸುವುದು ಬೇಡ, ಸಾರ ಇರುವ ಕೆಲವು ಚಮಚ ಸಾಕು.

ಚಮಚದ ತೊಂದರೆ ಇರುವುದು ಅದನ್ನು ಹಿಡಿದವರ ಕೈಯಲ್ಲಿ. ಚಮಚದ ತುದಿಯಲ್ಲಷ್ಟೇ ಊಟ ತೆಗೆದುಕೊಂಡು, ಮಗುವಿನ ತುಟಿಯ ಮುಂದೆ ಹಿಡಿದು ಕಾದು ನೋಡಿ. ಮಗು ಬಾಯಿ ತೆರೆಯುತ್ತದೆ, ಚಮಚ ಒಳಗೆ ಹೋಗುತ್ತದೆ, ಆಮೇಲೆ ಮೇಲಿನ ತುಟಿ ಕೆಳಗಿಳಿದು ಊಟವನ್ನು ಸವರಿಕೊಳ್ಳುತ್ತದೆ. ಆ ತುಟಿಯ ಕೆಲಸವೇ ಕಲಿಕೆ. ನಾವೋ, ಚಮಚವನ್ನು ಮೇಲಿನ ವಸಡಿಗೆ ಒರೆಸಿ ಎಳೆದುಬಿಡುತ್ತೇವೆ. ಮಗುವಿಗೆ ನುಂಗುವುದೊಂದೇ ಉಳಿಯುತ್ತದೆ. ಜೊತೆಗೆ 'ಇನ್ನೆರಡೇ ತುತ್ತು' ಅನ್ನುವ ದುರಾಸೆ ಬೇರೆ. ತುಟಿ ಬಿಗಿದರೆ, ಮುಖ ತಿರುಗಿಸಿದರೆ ಊಟ ಮುಗಿಯಿತು ಅಂತ ಅರ್ಥ. ಇದನ್ನು ಮನೆಯ ಹಿರಿಯರಿಗೆ ಒಪ್ಪಿಸುವುದು ಮಗುವಿಗೆ ತಿನ್ನಿಸುವುದಕ್ಕಿಂತ ಕಷ್ಟ, ಅಲ್ವಾ?

ಚಮಚದ ಇನ್ನೊಂದು ಬಲೆ ಮಿಕ್ಸಿ. ನುಣ್ಣಗಿದ್ದರೆ ಸಲೀಸಾಗಿ ಇಳಿಯುತ್ತದೆ, ಹಾಗಾಗಿ ಮಿಕ್ಸಿ ಬಿಡಲು ಮನಸ್ಸೇ ಬರುವುದಿಲ್ಲ. ಆದರೆ 9-10 ತಿಂಗಳು ದಾಟಿದರೂ ಗಂಟು, ತರಿ ಏನೂ ಕಾಣದ ಮಕ್ಕಳಲ್ಲಿ ಮುಂದೆ ಊಟದ ತಕರಾರು ಜಾಸ್ತಿ ಅಂತ ಅಧ್ಯಯನಗಳಲ್ಲಿ ಕಂಡುಬಂದಿದೆ. ದೊಡ್ಡವಳಿಗೆ ನಾನು ಕೆಲವೇ ವಾರಗಳಲ್ಲಿ ಮಿಕ್ಸಿ ಬಿಟ್ಟು ಫೋರ್ಕಿನ ಹಿಂಬದಿಯಿಂದ ಹಿಸುಕಲು ಶುರು ಮಾಡಿದೆ. ಹಲ್ಲು ಬಂದಿರಲಿಲ್ಲ. ವಸಡಿನಲ್ಲೇ ಅರೆದಳು.

ಈಗ ಕೈಯ ಸರದಿ. ಈ ಪದ್ಧತಿಗೆ 'ಬೇಬಿ-ಲೆಡ್ ವೀನಿಂಗ್' ಅಂತ ಹೆಸರು ಕೊಟ್ಟು ಪ್ರಚಾರ ಮಾಡಿದವರಲ್ಲಿ ಮುಖ್ಯರು ಬ್ರಿಟನ್ನಿನ ಗಿಲ್ ರಾಪ್ಲಿ. ನೋಡುವುದಕ್ಕೆ ಬಹಳ ಖುಷಿ. 6 ತಿಂಗಳ ಮಗು ಬೆರಳ ತುದಿಯಿಂದ ಹೆಕ್ಕಲಾರದು, ಇಡೀ ಮುಷ್ಟಿಯಲ್ಲಿ ಹಿಡಿಯುತ್ತದೆ. ಮುಷ್ಟಿಯೊಳಗೆ ಮುಚ್ಚಿಹೋದ ಊಟ ಅದರ ಪಾಲಿಗೆ ಇಲ್ಲದಂತೆಯೇ, ಯಾಕೆಂದರೆ ಬೇಕಾದಾಗ ಮುಷ್ಟಿ ಬಿಚ್ಚುವುದು ಇನ್ನೂ ಬಂದಿರುವುದಿಲ್ಲ. ಅದಕ್ಕೇ ತುಂಡು ನಮ್ಮ ಬೆರಳಷ್ಟು ಉದ್ದ ಇರಬೇಕು, ಮುಷ್ಟಿಯಿಂದ ಮೇಲೆ ಅರ್ಧ ಹೊರಗೆ ಕಾಣಬೇಕು. ಬೆಂದಿದೆಯಾ ಅಂತ ನೋಡಲು ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿ. ಬೆಣ್ಣೆಯ ಹಾಗೆ ಜಜ್ಜಿಹೋದರೆ ಸರಿ. ಬಾಳೆಹಣ್ಣು ಜಾರುತ್ತದೆ, ಕೆಳಗಡೆ ಅರ್ಧ ಸಿಪ್ಪೆ ಹಾಗೇ ಬಿಟ್ಟರೆ ಅದೇ ಹಿಡಿ. 8-9 ತಿಂಗಳಿಗೆ ಎರಡು ಬೆರಳಲ್ಲಿ ಹೆಕ್ಕುವುದು ಬಂದ ಮೇಲೆ ಚಿಕ್ಕ ಚಿಕ್ಕ ಚೂರು.

ಎಲ್ಲರೂ ಕೇಳುವ ಪ್ರಶ್ನೆ ಗಂಟಲಿನದು. ಇಲ್ಲಿ ಓಕರಿಕೆ ಬೇರೆ, ಉಸಿರು ಕಟ್ಟುವುದು ಬೇರೆ. ಎಳೆ ಮಗುವಿಗೆ ಓಕರಿಕೆ ಬರಿಸುವ ಜಾಗ ನಾಲಿಗೆಯ ಮೇಲೆ ನಮಗಿಂತ ಮುಂದೆ ಇರುತ್ತದೆ. ತುಂಡು ಅರ್ಧ ದಾರಿ ಹೋಗುವ ಮೊದಲೇ ವ್ಯಾಕ್ ಅನ್ನುತ್ತದೆ, ಮುಖ ಕೆಂಪಾಗುತ್ತದೆ, ಕೆಮ್ಮುತ್ತದೆ, ಉಗಿಯುತ್ತದೆ, ಮತ್ತೆ ಅದೇ ತುಂಡಿಗೆ ಕೈ ಹಾಕುತ್ತದೆ. ಮಗನದು ಇದು ದಿನಾ ನಡೆಯುತ್ತಿತ್ತು, ನೋಡುವ ನಮಗೇ ಜೀವ ಬಾಯಿಗೆ ಬರುತ್ತಿತ್ತು. ನಿಜವಾಗಿ ಉಸಿರು ಕಟ್ಟಿದಾಗ ಸದ್ದೇ ಇರುವುದಿಲ್ಲ. ಅಳು ಬರುವುದಿಲ್ಲ, ಕೆಮ್ಮು ಬರುವುದಿಲ್ಲ, ತುಟಿ ನೀಲಿಗೆ ತಿರುಗುತ್ತದೆ. ಆಗ ಮಾಡಬೇಕಾದದ್ದು: ತಲೆ ತಗ್ಗಿನಲ್ಲಿರುವಂತೆ ಬೋರಲು ಹಿಡಿದು ಬೆನ್ನಿನ ಮೇಲೆ 5 ಪೆಟ್ಟು, ತುಂಡು ಹೊರಗೆ ಬರದಿದ್ದರೆ ಅಂಗಾತ ಮಾಡಿ ಎದೆಯ ನಡುವೆ 5 ಒತ್ತು, ಜೊತೆಗೇ ಆಂಬುಲೆನ್ಸ್‌ಗೆ ಕರೆ. ಕಾಣದ ತುಂಡಿಗಾಗಿ ಬಾಯಿಗೆ ಬೆರಳು ಹಾಕಿ ಹುಡುಕಬಾರದು. ಯಾವ ಪದ್ಧತಿಯಾದರೂ ಸರಿ, ಇದನ್ನು ಗೊತ್ತಿದ್ದವರಿಂದ ಕೈಯಾರೆ ಕಲಿತು ಶುರು ಮಾಡಿ. ಊಟದ ಹೊತ್ತಲ್ಲಿ ಮಗುವಿನ ಎದುರು ಯಾರಾದರೂ ಇರಲೇಬೇಕು.

ನ್ಯೂಜಿಲೆಂಡ್‌ನಲ್ಲಿ ಸುಮಾರು 200 ಕುಟುಂಬಗಳ ಮೇಲೆ ಒಂದು ಪ್ರಯೋಗ ನಡೆದಿತ್ತು, ಹೆಸರು ಬ್ಲಿಸ್. 2016ರಲ್ಲಿ ಬಂದ ಅದರ ವರದಿ ಪ್ರಕಾರ ಕೈಯಲ್ಲಿ ತಿಂದ ಮಕ್ಕಳಿಗೆ ಉಸಿರು ಕಟ್ಟಿದ್ದು ಚಮಚದವರಿಗಿಂತ ಜಾಸ್ತಿಯೇನಲ್ಲ. ಕೈಯ ಪಕ್ಷದವರು ಇದನ್ನು ಬಾಯಿ ತುಂಬಾ ಹೇಳುತ್ತಾರೆ. ಆದರೆ ಆ ತಾಯಿ ತಂದೆಯರಿಗೆ ಯಾವ ತುಂಡು ಅಪಾಯ, ಪ್ರತಿ ಊಟದಲ್ಲೂ ಕಬ್ಬಿಣ ಹೇಗೆ ಇಡಬೇಕು ಅಂತ ಮೊದಲೇ ಹೇಳಿಕೊಟ್ಟಿದ್ದರು ಅನ್ನುವುದನ್ನು ಬಿಟ್ಟುಬಿಡುತ್ತಾರೆ. ಸುಮ್ನೆ ತಟ್ಟೆಗೆ ಸುರಿದು ಕೂತದ್ದಲ್ಲ ಅದು. ಇಡೀ ದ್ರಾಕ್ಷಿ, ಇಡೀ ಬೀಜಗಳು, ಹಸಿ ಕ್ಯಾರೆಟ್, ಗಟ್ಟಿ ಸೇಬಿನ ಚೂರು, ಪಾಪ್‌ಕಾರ್ನ್ ಯಾವ ಪದ್ಧತಿಯಲ್ಲೂ ಇಲ್ಲ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಬಹುದು. 1 ವರ್ಷದವರೆಗೆ ಜೇನುತುಪ್ಪ ನೆಕ್ಕಿಸಲೂ ಬಾರದು, ಅದರಿಂದ ಬೊಟುಲಿಸಂ ಅನ್ನುವ ಅಪಾಯದ ಕಾಯಿಲೆ ಬರಬಹುದು. ಉಪ್ಪು, ಸಕ್ಕರೆಯೂ ಬೇಡ.

ಕೈಯ ಪದ್ಧತಿಯಲ್ಲಿ ಸೋಲು ಎಲ್ಲಿ ಅಂದರೆ ಲೆಕ್ಕದಲ್ಲಿ. ಮೊದಮೊದಲು ಕೂದಲಿಗೆ, ಕಿವಿಗೆ, ಕುರ್ಚಿಯ ಸಂದಿಗೆ ಹೋದಷ್ಟು ಹೊಟ್ಟೆಗೆ ಹೋಗುವುದಿಲ್ಲ. ಕುಂಬಳಕಾಯಿಯ ತುಂಡು ಚೀಪಿ ಎಸೆದರೆ ಕಬ್ಬಿಣ ಎಲ್ಲಿಂದ ಬರಬೇಕು? ಮಗನಿಗೆ ಬೇಳೆಯನ್ನು ಗಟ್ಟಿಯಾಗಿ ಹಿಸುಕಿ ಉದ್ದುದ್ದ ಉಂಡೆ ಮಾಡಿ, ಆಮ್ಲೆಟ್ಟನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಕೊಟ್ಟ ಮೇಲೆ ನನಗೆ ಸಮಾಧಾನವಾಯಿತು. ಗೆಲುವು ಎಲ್ಲಿ ಅಂದರೆ, ಸಾಕಾದಾಗ ನಿಲ್ಲಿಸುವುದು ಅವನ ಕೈಯಲ್ಲೇ ಇತ್ತು. ನಾವೂ ಜೊತೆಯಲ್ಲಿ ಕೂತು ಬಿಸಿ ಊಟ ಮಾಡಿದೆವು. ದೊಡ್ಡವಳ ಕಾಲದಲ್ಲಿ ಆ ಭಾಗ್ಯ ಇರಲಿಲ್ಲ.

ಅಂಗಡಿಯ ಪುಡಿಯನ್ನು ಬೈಯುವುದು ಫ್ಯಾಷನ್. ಆದರೆ ಕಬ್ಬಿಣ ಸೇರಿಸಿದ ಸೀರಿಯಲ್ ಆ ಒಂದು ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಹಿಂಬದಿಯ ಚೀಟಿಯಲ್ಲಿ ಸಕ್ಕರೆ ಇದೆಯಾ ನೋಡಿ. ದಿನಾ ಅಕ್ಕಿಯದ್ದೇ ಬೇಡ, ಅಕ್ಕಿ ಬೆಳೆಯುವಾಗ ಆರ್ಸೆನಿಕ್ ಅನ್ನುವ ವಿಷವನ್ನು ಎಳೆದುಕೊಳ್ಳುತ್ತದೆ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಮಕ್ಕಳ ಅಕ್ಕಿ ಸೀರಿಯಲ್‌ಗೆ ಇದರ ಮಿತಿ ಗೊತ್ತುಮಾಡಿದ್ದೂ ಅದಕ್ಕೇ. ಓಟ್ಸ್, ಬೇರೆ ಧಾನ್ಯ ಬದಲಾಯಿಸುತ್ತಿರಿ. ಪೌಚ್ ಮಾತ್ರ ನನಗೆ ಹಿಡಿಸಲಿಲ್ಲ. ಮುಂದೆ ಪಾಲಕ್ ಚಿತ್ರ, ಒಳಗೆ ಮುಕ್ಕಾಲು ಪಾಲು ಹಣ್ಣಿನ ಸಿಹಿ. ಮೂತಿಗೆ ಬಾಯಿಟ್ಟು ಹೀರಿದರೆ ಚಮಚದ ಪಾಠವೂ ಇಲ್ಲ, ಅಗಿಯುವ ಪಾಠವೂ ಇಲ್ಲ. ಪ್ರಯಾಣಕ್ಕೆ ಇಟ್ಟುಕೊಳ್ಳಿ, ಆಗಲೂ ಚಮಚಕ್ಕೆ ಹಿಂಡಿಕೊಂಡು ಕೊಡಿ.

ಅಲರ್ಜಿ ವಿಷಯದಲ್ಲಿ ನನ್ನ ಮತ ಚಮಚಕ್ಕೆ. ಶೇಂಗಾ, ಮೊಟ್ಟೆ ತಡವಾಗಿ ಕೊಡಿ ಅನ್ನುತ್ತಿದ್ದ ಕಾಲ ಹೋಯಿತು. 2015ರ ಲೀಪ್ ಅಧ್ಯಯನದಲ್ಲಿ, ಅಪಾಯ ಜಾಸ್ತಿ ಇದ್ದ ಮಕ್ಕಳಿಗೆ ಎಳವೆಯಲ್ಲೇ ಶೇಂಗಾ ಕೊಟ್ಟಾಗ 5 ವರ್ಷದ ಹೊತ್ತಿಗೆ ಆ ಅಲರ್ಜಿ ಸುಮಾರು 80 ಪ್ರತಿಶತ ಕಡಿಮೆ ಕಂಡಿತು. ಶೇಂಗಾ ಬೆಣ್ಣೆಯ ಮುದ್ದೆ ಗಂಟಲಿಗೆ ಅಂಟುತ್ತದೆ, ಬಿಸಿನೀರಲ್ಲಿ ತೆಳ್ಳಗೆ ಕಲಸಿ, ಆರಿಸಿ, ಊಟಕ್ಕೆ ಬೆರೆಸಿ ಚಮಚದಲ್ಲಿ ಕೊಡುವುದೇ ಸರಿ. ಇಂಥವನ್ನು ಒಂದೊಂದಾಗಿ, ಬೆಳಗಿನ ಹೊತ್ತು ಕೊಟ್ಟರೆ ಆಮೇಲೆ ಗಮನಿಸಲು ಸಮಯ ಸಿಗುತ್ತದೆ. ಮಗುವಿಗೆ ತೀವ್ರ ಎಕ್ಸಿಮಾ (ಚರ್ಮ ಒಣಗಿ ಕೆಂಪಾಗಿ ತುರಿಸುವ ತೊಂದರೆ) ಇದ್ದರೆ ಮೊದಲು ವೈದ್ಯರನ್ನು ಕೇಳಿ.

ಬೇಡ ಅಂತ ಉಗಿಯುವುದರಲ್ಲಿ ಎರಡು ಪಕ್ಷಕ್ಕೂ ವ್ಯತ್ಯಾಸವಿಲ್ಲ. ಹೊಸ ರುಚಿ ಒಗ್ಗಲು ಎಂಟು ಹತ್ತು ಸಲ ಬೇಕಾಗುತ್ತದೆ. ಅಂದಹಾಗೆ ಈಗ ನಮ್ಮ ಮನೆಯಲ್ಲಿ ತರಕಾರಿ ಆರಿಸಿ ಪಕ್ಕಕ್ಕಿಡುವುದು ಕೈಯಲ್ಲಿ ತಿಂದು ಬೆಳೆದ ಚಿಕ್ಕವನು, ದೊಡ್ಡವಳಲ್ಲ. ಕೈಯಲ್ಲಿ ತಿಂದವರು ಹಠ ಮಾಡುವುದಿಲ್ಲ ಅನ್ನುವವರಿಗೆ ಅವನನ್ನು ತೋರಿಸುತ್ತೇನೆ.

ಇನ್ನೊಂದು ಮಗುವಿದ್ದರೆ ಹೀಗೆ ಮಾಡುತ್ತಿದ್ದೆ: ಬೆಳಿಗ್ಗೆ ಬೇಳೆ ಅಥವಾ ಮೊಟ್ಟೆಯ ಮಂದವಾದ ಊಟ ಚಮಚದಲ್ಲಿ, ಮಧ್ಯಾಹ್ನ ಎಲ್ಲರ ಜೊತೆ ತುಂಡುಗಳು ಕೈಯಲ್ಲಿ. ಚಮಚಕ್ಕೆ ಕೈ ಹಾಕಿ ಎಳೆದರೆ, ತುಂಬಿದ ಚಮಚವನ್ನೇ ಕೈಗೆ ಕೊಟ್ಟು ಇನ್ನೊಂದನ್ನು ನಾವು ಹಿಡಿದುಕೊಳ್ಳುವುದು. 9 ತಿಂಗಳ ಹೊತ್ತಿಗೆ ದಿನಕ್ಕೆ 3-4 ಊಟ, ಮಿಕ್ಸಿ ಇಲ್ಲ. ದಿನ ತುಂಬುವ ಮುಂಚೆ ಹುಟ್ಟಿದ ಮಗು, ತೂಕ ಕಡಿಮೆ ಇರುವ ಮಗುವಾದರೆ ಬರೀ ಕೈಯ ಪದ್ಧತಿಗೆ ನಾನು ಕೈ ಹಾಕುವುದಿಲ್ಲ, ಚಮಚವೇ ಸರಿ. ನೀವು ಕೆಲಸಕ್ಕೆ ಹೋಗಿ ಮಗುವನ್ನು ಬೇರೆಯವರು ನೋಡಿಕೊಳ್ಳುವುದಾದರೆ, ಅವರಿಗೆ ಯಾವುದು ಧೈರ್ಯವೋ ಅದು. ಚಮಚ ಕಂಡರೆ ಬಾಯಿ ಬಿಗಿಯುವ ಮಗುವಿಗೆ ಮಾತ್ರ ಇವತ್ತೇ ಒಂದು ಬೆಂದ ಗೆಣಸಿನ ಕಡ್ಡಿ ಕೈಗೆ ಕೊಟ್ಟು ನೋಡಿ, ನೆಲಕ್ಕೆ ಹಳೇ ಹಾಳೆ ಹಾಸಿಕೊಂಡು.