ಅಮೆರಿಕದಲ್ಲಿ ಬಾಡಿಗೆ ಮನೆ ಕೊಡಲಿಲ್ಲ ಅಂದ್ರೆ ರಿಪೋರ್ಟ್ ಕೇಳಿ

ಊರಿಂದ ಹೊಸದಾಗಿ ಅಮೆರಿಕಕ್ಕೆ ಬರುತ್ತಿರುವವರು ಇದನ್ನು ಓದಿ. ಮನೆಯ ಅಪ್ಲಿಕೇಷನ್ ರಿಜೆಕ್ಟ್ ಆದರೆ "ಕ್ರೆಡಿಟ್ ಹಿಸ್ಟರಿ (ಸಾಲ ತೀರಿಸಿದ ದಾಖಲೆ) ಇಲ್ಲ ಅಂತ ಕೊಡಲಿಲ್ಲ, ಬಿಡು" ಅಂತ ಮುಂದಿನ ಮನೆಗೆ ಫೀ ಕಟ್ಟಬೇಡಿ. ಯಾಕೆ ಕೊಡಲಿಲ್ಲ ಅನ್ನೋದನ್ನು ಬರವಣಿಗೆಯಲ್ಲಿ ತರಿಸಿಕೊಳ್ಳಿ.

ನಾವು ನೋಡಿದ್ದು ನ್ಯೂಜೆರ್ಸಿಯ ಎಡಿಸನ್ ಹತ್ತಿರದ ಒಂದು ದೊಡ್ಡ ಅಪಾರ್ಟ್‌ಮೆಂಟ್. ಇಲ್ಲಿ ನನಗೆ ಕ್ರೆಡಿಟ್ ಹಿಸ್ಟರಿ ಇಲ್ಲ ಅಂತ ಮೊದಲೇ ಹೇಳಿದ್ದೆ. "ತೊಂದರೆಯಿಲ್ಲ, ಆಫರ್ ಲೆಟರ್ ಸಾಕು" ಅಂದರು ಲೀಸಿಂಗ್ ಆಫೀಸಿನಾಕೆ. ನನಗೂ ಹೆಂಡತಿಗೂ ಬೇರೆ ಬೇರೆ ಅಪ್ಲಿಕೇಷನ್ ಫೀ ಕಟ್ಟಿಸಿಕೊಂಡರು. ವಾಪಸ್ ಕೊಡುವುದಿಲ್ಲ ಅಂತ ಕೆಳಗೆ ಸಣ್ಣಕ್ಷರದಲ್ಲಿತ್ತು. ಮಾರನೇ ದಿನವೇ ಒಂದು ಸಾಲಿನ ಈಮೇಲ್: ಸ್ಕ್ರೀನಿಂಗ್ (ಬಾಡಿಗೆಗೆ ಬರುವವರ ಹಿನ್ನೆಲೆಯನ್ನು ಹೊರಗಿನ ಏಜೆನ್ಸಿಯಿಂದ ತಪಾಸಣೆ ಮಾಡಿಸುವುದು) ಪಾಸಾಗಿಲ್ಲ. ಫೋನ್ ಮಾಡಿದರೆ "ಸಿಸ್ಟಂ ಹೇಳಿದ್ದು, ನಮ್ಮ ಕೈಯಲ್ಲೇನೂ ಇಲ್ಲ". ದುಡ್ಡು ತಗೊಳ್ಳುವಾಗ ಮಾತ್ರ ಎಲ್ಲ ಅವರ ಕೈಯಲ್ಲೇ ಇತ್ತು!

ಬೆಂಗಳೂರಲ್ಲಿ ನನ್ನ ಸಿಬಿಲ್ ಸ್ಕೋರ್ ಚೆನ್ನಾಗಿತ್ತು, ಹೋಮ್ ಲೋನ್ ಕಂತು ಒಂದೂ ತಪ್ಪಿರಲಿಲ್ಲ. ಸಾಮಾನ್ಯವಾಗಿ ಅದು ಇಲ್ಲಿ ಲೆಕ್ಕಕ್ಕೇ ಬರಲ್ಲ. ಇಲ್ಲಿನವರು ನೋಡುವುದು ಇಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ಬ್ಯೂರೋಗಳ ಅಮೆರಿಕದ ದಾಖಲೆಯನ್ನು. ನಮ್ಮ ಸಿಬಿಲ್ ಸ್ಕೋರಿನಂಥ, 300ರಿಂದ 850ರವರೆಗಿನ ಫೈಕೋ ಸ್ಕೋರ್ ಹುಟ್ಟಬೇಕಾದರೆ ಕಾರ್ಡೋ ಸಾಲವೋ ತೆಗೆದು ಕನಿಷ್ಠ 6 ತಿಂಗಳಾಗಿರಬೇಕು. ಹಾಗಾಗಿ ಎಲ್ಲರೂ ಹೇಳಿದ್ದು ಒಂದೇ: ಹೊಸಬರು ಅಲ್ವಾ, ಹಿಂಗೇ ಆಗುತ್ತೆ.

ಎರಡನೇ ಕಡೆಯೂ ಹಾಗೇ ಆದಾಗ ಆಫೀಸಿನ ಒಬ್ಬರು ಹೇಳಿದರು: 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆ್ಯಕ್ಟ್ ಪ್ರಕಾರ, ರಿಪೋರ್ಟ್ ನೋಡಿ ಮನೆ ಇಲ್ಲ ಅಂದವರು ಆ ರಿಪೋರ್ಟ್ ಕೊಟ್ಟ ಏಜೆನ್ಸಿಯ ಹೆಸರು, ವಿಳಾಸ, ಫೋನ್ ತಿಳಿಸಲೇಬೇಕು. 60 ದಿನದೊಳಗೆ ಕೇಳಿದರೆ ಏಜೆನ್ಸಿ ಅದರ ಪ್ರತಿಯನ್ನು ಪುಕ್ಕಟೆ ಕೊಡಬೇಕು. ರಿಪೋರ್ಟ್ ನೋಡಿ ಜಾಸ್ತಿ ಡೆಪಾಸಿಟ್ ಕೇಳಿದರೂ, ಜಾಮೀನುದಾರ ಬೇಕು ಅಂದರೂ ಇದೇ ನಿಯಮ.

ರಿಪೋರ್ಟ್ ತರಿಸಿದೆ. ಕ್ರೆಡಿಟ್ ಭಾಗದಲ್ಲಿ ದಾಖಲೆ ಸಿಕ್ಕಿಲ್ಲ ಅಂತಿತ್ತು. ಅದು ಗೊತ್ತಿದ್ದದ್ದೇ. ಅದರ ಕೆಳಗೆ, 2022ರಲ್ಲಿ ಟೆಕ್ಸಸ್‌ನ ಒಂದು ಕೋರ್ಟಿನಲ್ಲಿ ಬಾಡಿಗೆ ಕಟ್ಟದ್ದಕ್ಕೆ ನನ್ನ ಮೇಲೆ ಮನೆ ಖಾಲಿ ಮಾಡಿಸುವ ಕೇಸ್! 2022ರಲ್ಲಿ ನಾನು ಹುಬ್ಬಳ್ಳಿಯಲ್ಲಿ ಅಪ್ಪನ ಮನೆಯಲ್ಲಿ ಕೂತು ವರ್ಕ್ ಫ್ರಂ ಹೋಮ್ ಮಾಡುತ್ತಿದ್ದೆ. ಆ ಕೇಸಿನ ಮುಂದೆ ಹುಟ್ಟಿದ ದಿನಾಂಕದ ಜಾಗ ಖಾಲಿ. ಹೊಂದಿಕೆಯಾಗಿದ್ದು ಹೆಸರು ಮಾತ್ರ.

ನಮ್ಮ ಕಡೆ ಎಷ್ಟೋ ಜನರಿಗೆ ಮನೆತನದ ಹೆಸರಿಲ್ಲ. ಪಾಸ್‌ಪೋರ್ಟಿಗೆ ಅಂತ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡುತ್ತೇವೆ. ನನ್ನ ಹೆಸರು, ಅಪ್ಪನ ಹೆಸರು ಎರಡೂ ಓಣಿಗೊಬ್ಬರಿಗೆ ಇರುವಂಥವು. ಆ ಟೆಕ್ಸಸ್ ಮನುಷ್ಯ ಯಾರೋ, ಪಾಪ. ಬರೀ ಹೆಸರು ನೋಡಿ ಹೊಂದಿಸುವುದು ಈ ಕಾಯ್ದೆಗೆ ಒಪ್ಪುವಂಥದ್ದಲ್ಲ ಅಂತ ಗ್ರಾಹಕರ ಹಣಕಾಸು ವ್ಯವಹಾರ ನೋಡುವ ಅಮೆರಿಕ ಸರ್ಕಾರದ ಸಂಸ್ಥೆ ಸಿಎಫ್‌ಪಿಬಿ 2021ರಲ್ಲೇ ಹೇಳಿತ್ತು. ನನ್ನ ರಿಪೋರ್ಟ್ ಮಾಡಿದವರಿಗೆ ಅದು ಕೇಳಿಸಿರಲಿಲ್ಲ ಅನ್ಸುತ್ತೆ.

ಪಾಸ್‌ಪೋರ್ಟಿನ ಎಂಟ್ರಿ ಸ್ಟಾಂಪ್, ಐ-94 (ಅಮೆರಿಕಕ್ಕೆ ಬಂದಿಳಿದ ದಾಖಲೆ) ಎರಡನ್ನೂ ಲಗತ್ತಿಸಿ ಏಜೆನ್ಸಿಗೆ ತಕರಾರು ಕಳಿಸಿದೆ. ಸಾಮಾನ್ಯವಾಗಿ 30 ದಿನದೊಳಗೆ ಅವರು ಪರಿಶೀಲಿಸಬೇಕು. ಕೊನೆಗೆ ಕೇಸ್ ತೆಗೆದುಹಾಕಿದರು. ಅಷ್ಟರಲ್ಲಿ ಎರಡೂ ಮನೆಗೆ ಬೇರೆಯವರು ಬಂದಿದ್ದರು. ಫೀ ವಾಪಸ್ ಬರಲಿಲ್ಲ. ಒಂದು ಕ್ಷಮೆಯನ್ನೂ ಕೇಳಲಿಲ್ಲ ಆ ಲೀಸಿಂಗ್ ಆಫೀಸಿನವರು.

ನಡುವೆ ಇನ್ನೊಬ್ಬ ಓನರ್ ಸಿಕ್ಕಿದ್ದರು. ಕ್ರೆಡಿಟ್ ಇಲ್ಲದಿದ್ದರೂ ಕೊಡ್ತೀನಿ, ಆದರೆ 3 ತಿಂಗಳ ಡೆಪಾಸಿಟ್ ಬೇಕು ಅಂದರು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇದು ಅಗ್ಗ ಅನ್ನಿಸುತ್ತೆ. ಆದರೆ ನ್ಯೂಜೆರ್ಸಿಯಲ್ಲಿ ಒಂದೂವರೆ ತಿಂಗಳ ಬಾಡಿಗೆಗಿಂತ ಜಾಸ್ತಿ ಡೆಪಾಸಿಟ್ ಕೇಳುವಂತಿಲ್ಲ. ಓನರ್ ತಾವೇ ವಾಸವಿರುವ ಎರಡು-ಮೂರು ಮನೆಗಳ ಸಣ್ಣ ಕಟ್ಟಡಕ್ಕೆ ವಿನಾಯಿತಿ ಇದೆ, ಇವರದು ಅಂಥದ್ದಲ್ಲ. ಕಾನೂನು ಹೇಳಿದ ಮೇಲೆ ಅವರು ಫೋನ್ ಎತ್ತಲಿಲ್ಲ. ಟೆಕ್ಸಸ್‌ನಲ್ಲಿ ಇಂಥ ಮಿತಿಯೇ ಇಲ್ಲ, ನೀವು ಹೋಗುವ ರಾಜ್ಯದ್ದು ನೋಡಿಕೊಳ್ಳಿ.

ಫೀ ಕಟ್ಟುವ ಮುಂಚೆ ಎಸ್‌ಎಸ್‌ಎನ್ (ಸೋಷಿಯಲ್ ಸೆಕ್ಯುರಿಟಿ ನಂಬರ್), ಕ್ರೆಡಿಟ್ ಇಲ್ಲದವರನ್ನು ತಗೊಳ್ತೀರಾ, ಸ್ಕ್ರೀನಿಂಗ್ ಮಾಡುವ ಏಜೆನ್ಸಿ ಯಾವುದು ಅಂತ ಈಮೇಲಿನಲ್ಲೇ ಕೇಳಿ. ಬಾಯಿಮಾತು ಬೇಡ. ಇನ್ನೊಂದು, ಒಂದು ಏಜೆನ್ಸಿ ತಪ್ಪು ತೆಗೆದರೆ ಉಳಿದ ಏಜೆನ್ಸಿಗಳ ರಿಪೋರ್ಟಿನಿಂದ ಅದು ತಾನಾಗೇ ಅಳಿಸಿಹೋಗಲ್ಲ. ತಿದ್ದುಪಡಿಯ ಪತ್ರ ಇಟ್ಟುಕೊಂಡು, ಮುಂದಿನ ಅಪ್ಲಿಕೇಷನ್ ಜೊತೆಗೇ ಕೊಡಿ.