ಮಾರಿದ ಮೇಲೆ ಹಣ: ರಥಬೀದಿ ಸಮೀಪದ ಮಳಿಗೆಯೊಂದರ ವ್ಯವಹಾರ

ಉಡುಪಿಯ ರಥಬೀದಿಗೆ ಸಮೀಪದ ಕರಕುಶಲ ವಸ್ತುಗಳ ಮಳಿಗೆಯೊಂದರಲ್ಲಿ, ನನ್ನ ತಾಯಿ ಹೆಣೆದ 12 ಬೆತ್ತದ ಬುಟ್ಟಿಗಳನ್ನು ಏಪ್ರಿಲ್‌ನಲ್ಲಿ ಮಾರಾಟಕ್ಕಿಟ್ಟಿದ್ದೆ. ಮಳಿಗೆಯವರು ಅವನ್ನು ಕೊಂಡುಕೊಳ್ಳಲಿಲ್ಲ, ಕನ್ಸೈನ್‌ಮೆಂಟ್ ಮೇಲೆ ಇರಿಸಿಕೊಂಡರು. ಅಂದರೆ ಗಿರಾಕಿ ಕೊಳ್ಳುವವರೆಗೂ ಬುಟ್ಟಿ ನಮ್ಮದೇ ಸೊತ್ತು; ಮಾರಾಟವಾದ ಮೇಲಷ್ಟೇ ಮಳಿಗೆಯವರು ತಮ್ಮ ಕಮಿಷನ್ ಹಿಡಿದುಕೊಂಡು ಉಳಿದ ಹಣ ಕೊಡುತ್ತಾರೆ; ಮಾರದೆ ಉಳಿದದ್ದನ್ನು ನಾವೇ ಹಿಂದಕ್ಕೆ ತರಬೇಕು. ಅಡಿಕೆಯನ್ನು ಮಂಡಿಯಲ್ಲಿಟ್ಟು ಧಾರಣೆ ಬಂದಾಗ ಮಾರಿಸುವ ನಮ್ಮ ಕಡೆಯ ಬೆಳೆಗಾರರಿಗೆ ಈ ಏರ್ಪಾಡು ಹೊಸದೇನೂ ಅಲ್ಲ.

ಬೆಲೆಯನ್ನು 800 ರೂಪಾಯಿ ಎಂದು ನಾವೇ ನಿಗದಿಪಡಿಸಿದೆವು. ಅದರಲ್ಲಿ ನೂರಕ್ಕೆ 25ರಂತೆ 200 ರೂಪಾಯಿ ಮಳಿಗೆಗೆ. ಹಿಂದೆ ಸಗಟು ವ್ಯಾಪಾರಿಯೊಬ್ಬರು ಇಂಥದೇ ಬುಟ್ಟಿಗೆ 450 ರೂಪಾಯಿಯನ್ನು ಕೈಮೇಲೆ ಎಣಿಸಿದ್ದರು; ಇಲ್ಲಿ 600 ಸಿಗುತ್ತದೆ, ಆದರೆ ಕಾಯಬೇಕು. ತಿಂಗಳ ಖರ್ಚಿಗೆ ಇದೇ ಹಣವನ್ನು ನಂಬಿರುವವರು ಈ ವ್ಯತ್ಯಾಸವನ್ನು ಮೊದಲೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಈ ಮಳಿಗೆಯ ಲೆಕ್ಕಪತ್ರ ನಿಜಕ್ಕೂ ಮೆಚ್ಚುವಂಥದು. ಕೊಟ್ಟ ದಿನವೇ ಪ್ರತಿ ಬುಟ್ಟಿಗೂ ಸಂಖ್ಯೆ ಹಾಕಿ ಚಲನ್ ಬರೆದುಕೊಟ್ಟರು, ನಮ್ಮನ್ನು ಕೇಳದೆ ರಿಯಾಯಿತಿ ಕೊಡುವುದಿಲ್ಲವೆಂದು ಅದರಲ್ಲೇ ಸೇರಿಸಿದರು, ಪ್ರತಿ ತಿಂಗಳ 5ರೊಳಗೆ ಹಿಂದಿನ ತಿಂಗಳ ಹಣ ತಾಯಿಯ ಖಾತೆಗೆ ಬಂತು. ಜುಲೈ ಕೊನೆಯವರೆಗೆ 7 ಬುಟ್ಟಿಗಳು ಮಾರಾಟವಾಗಿ, 4,200 ರೂಪಾಯಿ ಒಂದು ಪೈಸೆಯೂ ಕಡಿಮೆಯಾಗದೆ ಸೇರಿದೆ.

ಕೊರತೆ ಕಂಡದ್ದು ಆಟಿಯ ಮಳೆಯಲ್ಲಿ. ಗೋಡೆಗೆ ತಾಗಿಸಿಟ್ಟಿದ್ದ ಎರಡು ಬುಟ್ಟಿಗಳಿಗೆ ತೇವ ಹಿಡಿದು ಬೂಷ್ಟು ಬಂದಿತ್ತು. ಸೊತ್ತು ನಿಮ್ಮದಾದ್ದರಿಂದ ನಷ್ಟವೂ ನಿಮ್ಮದೇ ಎಂಬ ಉತ್ತರ ಬಂದಾಗ ನನಗೆ ಬಹಳ ನೋವಾಯಿತು. ಒಂದೊಂದು ಬುಟ್ಟಿಯ ಹಿಂದೆಯೂ ತಾಯಿಯ ಎರಡು ದಿನಗಳ ದುಡಿಮೆ ಇದೆ. ಆ ಉತ್ತರ ಪೂರ್ತಿ ಸರಿಯೂ ಅಲ್ಲ. ಇನ್ನೊಬ್ಬರ ವಸ್ತುವನ್ನು ವಶದಲ್ಲಿಟ್ಟುಕೊಂಡವರು, ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಜಾಗ್ರತೆ ವಹಿಸಬೇಕೆಂದು 1872ರ ಭಾರತೀಯ ಕರಾರು ಕಾಯಿದೆಯ 151ನೇ ಕಲಮು ಹೇಳುತ್ತದೆ. ಇದನ್ನು ತಿಳಿಸಿದಾಗ ಅವರು ಸಮಾಧಾನದಿಂದ ಕೇಳಿ, ಒಂದು ಬುಟ್ಟಿಯ ಹಣ ಕೊಡಲು ಒಪ್ಪಿದರು.

ಉಳಿದ ಮೂರನ್ನು ಅಲ್ಲೇ ಬಿಟ್ಟಿದ್ದೇನೆ. ದೀಪಾವಳಿಗೆ ಹೊಸ ಬುಟ್ಟಿಗಳನ್ನು ಕೊಡುವಾಗ, ಹಾನಿಯಾದರೆ ಹೊಣೆ ಯಾರದೆಂಬ ಒಂದು ಸಾಲನ್ನು ಚಲನ್‌ನಲ್ಲಿ ಬರೆಸಿಕೊಳ್ಳುತ್ತೇನೆ. ಮಳಿಗೆಯವರೂ ಅದಕ್ಕೆ ಒಪ್ಪಿದ್ದಾರೆ.