ಕೋರ್ಟಿನ ಹೊರಗೆ "ವಕೀಲರು ಬೇಡ, ನಾನಿದ್ದೇನೆ" ಅನ್ನುವವರ ಕೈಗೆ ನಿಮ್ಮ ಫೈಲ್ ಕೊಡಬೇಡಿ

ಕಾರವಾರ, ಅಂಕೋಲಾ, ಕುಮಟಾ ಕಡೆಯ ಹೆಣ್ಣುಮಕ್ಕಳು, ಅದರಲ್ಲೂ ಗಂಡನ ಮೇಲೆ ಜೀವನಾಂಶದ ಕೇಸು ಹಾಕಿದವರು, ಹಾಕಬೇಕು ಅಂತ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಏಳು ತಿಂಗಳು ಹೋಯಿತು, ಹನ್ನೆರಡು ಸಾವಿರ ರೂಪಾಯಿ ಹೋಯಿತು. ದುಡ್ಡಿಗಿಂತ ಆ ಏಳು ತಿಂಗಳಿಗೇ ಹೊಟ್ಟೆ ಉರಿಯುತ್ತಿದೆ.

ನಾನು ಕಾರವಾರದಿಂದ ಕಾಳಿ ಹೊಳೆ ದಾಟಿದರೆ ಸಿಗುವ ಸದಾಶಿವಗಡದ ಕಡೆಯವಳು. ಬಿ.ಕಾಂ. ಓದಿದ್ದೇನೆ, ಒಂದು ಸೊಸೈಟಿಯಲ್ಲಿ ಕೆಲಸ. ಸಾಲದ ಅರ್ಜಿಯಲ್ಲಿ ಸಹಿ ಎಲ್ಲಿ ಬಿಟ್ಟುಹೋಗಿದೆ, ಜಾಮೀನುದಾರರ ಕಾಗದ ಸರಿ ಇದೆಯಾ ಅಂತ ದಿನವಿಡೀ ನೋಡುವುದೇ ನನ್ನ ಕೆಲಸ. ಅಂಥವಳು ನನ್ನ ಸ್ವಂತ ಅರ್ಜಿಯನ್ನು ಓದದೆ ಸಹಿ ಹಾಕಿದೆ. ಬರೆಯಲಿಕ್ಕೆ ನಾಚಿಕೆ ಆಗ್ತದೆ. ಆದರೂ ಬರೀತೇನೆ.

ಗಂಡ ಇರುವುದು ಗೋವಾದ ವಾಸ್ಕೋದಲ್ಲಿ. 2023ರ ದೀಪಾವಳಿ ಆದಮೇಲೆ ದುಡ್ಡು ಕಳಿಸುವುದು ನಿಲ್ಲಿಸಿದರು. ಮಗ ನಾಲ್ಕನೇ ಕ್ಲಾಸು. ಹಿರಿಯರು ಕೂತು ಮಾತಾಡಿದ್ದೂ ಆಯಿತು, ಅದರ ಕತೆ ಇಲ್ಲಿ ಬೇಡ. 2024ರ ಜುಲೈನಲ್ಲಿ ಕೇಸು ಹಾಕುವುದೇ ಸೈ ಅಂತ ತೀರ್ಮಾನ ಮಾಡಿ, ಆಧಾರ್ ಮತ್ತು ಮದುವೆ ಕಾಗದ ಜೆರಾಕ್ಸ್ ಮಾಡಿಸಲಿಕ್ಕೆ ಕೋರ್ಟಿನ ಹತ್ತಿರದ ಒಂದು ಟೈಪಿಂಗ್ ಅಂಗಡಿಗೆ ಹೋದೆ. ಅಲ್ಲಿ ಸಿಕ್ಕಿದವನು ಇವನು. ಹೆಸರು ಹಾಕುವುದಿಲ್ಲ. ಕಾಗದ ನೋಡಿದವನೇ, "ಫ್ಯಾಮಿಲಿ ಕೇಸಿಗೆ ವಕೀಲರು ಬೇಕಂತಲೇ ಇಲ್ಲ ಅಕ್ಕಾ, ಕಾನೂನೇ ಹಾಗೆ ಹೇಳ್ತದೆ. ಅವರಿಗೆ ಮೂವತ್ತು ಸಾವಿರ ಕೊಟ್ಟು ಎಂತಕ್ಕೆ ಅಲೀತೀರಿ? ಐದು ಸಾವಿರ ಕೊಡಿ, ಎಲ್ಲ ನಾನೇ ಮಾಡಿಸ್ತೇನೆ" ಅಂದ.

ಒಂದೇ ಮಾತಿಗೆ ನಂಬಿದ್ದಲ್ಲ. ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 13ನೇ ಸೆಕ್ಷನ್ ನಿಜವಾಗಿಯೂ ಹಾಗೇ ಇದೆ. ವಕೀಲರ ಮೂಲಕವೇ ಕೇಸು ನಡೆಸುವುದು ಅಲ್ಲಿ ಹಕ್ಕು ಅಲ್ಲ, ಪಾರ್ಟಿ ತಾನೇ ನಿಂತು ಹೇಳಿಕೊಳ್ಳಬಹುದು. ಓದಿದ ಮೇಲೆ ಇವನ ಮೇಲೆ ಪೂರ್ತಿ ನಂಬಿಕೆ ಬಂತು. ನಾನು ಬಿದ್ದದ್ದು ಅಲ್ಲೇ. ವಕೀಲರಿಲ್ಲದೆ ನೀವೇ ನಿಲ್ಲಬಹುದು ಅಂತ ಕಾನೂನು ಹೇಳ್ತದೆ. ನಿಮ್ಮ ಬದಲು ಟೈಪಿಂಗ್ ಅಂಗಡಿಯವನು ನಿಲ್ಲಬಹುದು ಅಂತ ಎಲ್ಲಿಯೂ ಹೇಳುವುದಿಲ್ಲ. ಬೇರೆಯವರ ಪರವಾಗಿ ಕೋರ್ಟಿನಲ್ಲಿ ನಡೆಸುವ ಅಧಿಕಾರ ಇರುವುದು 1961ರ ವಕೀಲರ ಕಾಯ್ದೆ ಪ್ರಕಾರ ವಕೀಲರಿಗೆ ಮಾತ್ರ. ಇದು ನನಗೆ ಆಗ ಹೊಳೆಯಲೇ ಇಲ್ಲ.

ಅರ್ಜಿ ಎರಡೇ ದಿನದಲ್ಲಿ ತಯಾರು. ಸಹಿ ಹಾಕುವ ದಿನ ಕೋರ್ಟಿಗೆ ಹೋದೆ. ಬೇಗ ಬೇಗ, ಸಮಯ ಆಯ್ತು ಅಂತ ಪುಟ ಮಗುಚುತ್ತ ಹೋದ, ನಾನು ಅವನು ಬೆರಳಿಟ್ಟಲ್ಲೆಲ್ಲ ಸಹಿ ಹಾಕುತ್ತ ಹೋದೆ. ಕೇಸಿಗೆ ನಂಬರ್ ಬಿತ್ತು. ಫೈಲ್ ಅವನೇ ಇಟ್ಟುಕೊಂಡ. "ನಿಮ್ಮ ಹತ್ರ ಇದ್ದು ಎಂತ ಮಾಡ್ತೀರಿ, ತಾರೀಖಿಗೆ ನನಗೇ ಬೇಕಲ್ಲ."

ಆಮೇಲೆ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಕುಸಿದದ್ದು ನಮ್ಮ ಕಡೆಯವರಿಗೆ ಗೊತ್ತೇ ಇದೆ. ನನ್ನ ತಾರೀಖು ಅದೇ ವಾರ. ಹೊಸ ಸೇತುವೆ ಮೇಲೆ ಬಿಡ್ತಾರೋ ಇಲ್ಲವೋ, ಮನೆಯಲ್ಲಿ ಎಲ್ಲರಿಗೂ ಹೆದರಿಕೆ. ಸಂಜೆ ಅವನ ಮೆಸೇಜ್ ಬಂತು. "ಅಕ್ಕಾ ನೀವು ಈ ಗಲಾಟೆಯಲ್ಲಿ ಬರೋದು ಬೇಡ. ತಾರೀಖು ನಾನು ನೋಡ್ಕೊಳ್ತೇನೆ." ಎಷ್ಟು ಒಳ್ಳೆಯವನು ಅಂದುಕೊಂಡೆ. ಅಮ್ಮನಿಗೂ ಹೇಳಿದೆ. ಅಲ್ಲಿಂದ ಮುಂದೆ ಪ್ರತಿ ಸಲವೂ ಅದೇ ಮಾತು, ನಾನು ನೋಡ್ಕೊಳ್ತೇನೆ, ನಾನು ನೋಡ್ಕೊಳ್ತೇನೆ. ಅಕ್ಟೋಬರಿನಲ್ಲಿ ನೋಟಿಸ್ ವಾಪಸ್ ಬಂದಿದೆ, ಮತ್ತೆ ಕಳಿಸಬೇಕು ಅಂತ ಮೂರು ಸಾವಿರ. ಡಿಸೆಂಬರಿನಲ್ಲಿ ಸಾಕ್ಷಿ ಅಫಿಡವಿಟ್ (ಪ್ರಮಾಣಪತ್ರ) ಮತ್ತು ಸ್ಟಾಂಪ್ ಪೇಪರಿಗೆ ಅಂತ ನಾಲ್ಕು ಸಾವಿರ. ಎಲ್ಲ ಫೋನ್‌ಪೇ ಮಾಡಿದ್ದೇನೆ, ದಾಖಲೆ ಇದೆ. ಜನವರಿಯಲ್ಲಿ "ಜಡ್ಜ್ ಸಾಹೇಬ್ರು ರಜೆ, ಫೆಬ್ರವರಿಗೆ ಹೋಗಿದೆ" ಅಂದ.

ಫೆಬ್ರವರಿಯಲ್ಲಿ ಮಗನ ಬ್ಯಾಂಕ್ ಖಾತೆಯ ಕೆಲಸಕ್ಕೆ ಕಾರವಾರಕ್ಕೆ ಹೋಗಿದ್ದೆ. ಹನ್ನೊಂದೂವರೆಗೇ ಮುಗಿಯಿತು. ಹೇಗೂ ಬಂದಿದ್ದೇನೆ, ತಾರೀಖು ಯಾವಾಗ ಅಂತ ನಾನೇ ಕೇಳಿಬರುವ ಅಂತ ಕೋರ್ಟಿಗೆ ಹೋದೆ. ಸಿಬ್ಬಂದಿಯೊಬ್ಬರು ನಂಬರ್ ಹಾಕಿ ಕಂಪ್ಯೂಟರ್ ನೋಡಿದರು. ಒಮ್ಮೆ ನನ್ನ ಮುಖ ನೋಡಿದರು. "ಇದು ನವೆಂಬರಿನಲ್ಲೇ ಡಿಸ್ಮಿಸ್ ಆಗಿದೆಯಲ್ಲಮ್ಮಾ."

ನಂಬರ್ ತಪ್ಪಿರಬೇಕು ಅಂದೆ. ಮತ್ತೊಮ್ಮೆ ನೋಡಿ ಅಂದೆ. ಅವರು ಪಾಪ ಮತ್ತೊಮ್ಮೆ ನೋಡಿದರು. ನನ್ನದೇ ಹೆಸರು, ಗಂಡನದೇ ಹೆಸರು. ಎದುರುದಾರರ ವಿಳಾಸ ಸರಿಯಿಲ್ಲ ಅಂತ ನೋಟಿಸ್ ವಾಪಸ್ ಬಂದಿದೆ, ಹೊಸ ವಿಳಾಸ ಕೊಟ್ಟಿಲ್ಲ, ಸ್ಟೆಪ್ಸ್ ಅಂದರೆ ಮತ್ತೆ ನೋಟಿಸ್ ಕಳಿಸುವ ಕ್ರಮ ತಗೊಂಡಿಲ್ಲ, ಪ್ರತಿ ತಾರೀಖಿಗೂ ಹೆಸರು ಕೂಗಿಸಿದ್ದಾರೆ, ಅರ್ಜಿದಾರರು ಹಾಜರಿಲ್ಲ. ಹೆಸರು ಕೂಗಿಸಿದ್ದಾರೆ ಅಂದರಲ್ಲ, ಆ ಮಾತು ಇನ್ನೂ ಕಿವಿಯಲ್ಲಿದೆ. ಆ ವರಾಂಡದಲ್ಲಿ ನನ್ನ ಹೆಸರು ಕೂಗುವಾಗ ನಾನು ಹೊಳೆಯ ಆಚೆ ಸೊಸೈಟಿಯಲ್ಲಿ ಕೂತು ಬೇರೆಯವರ ಕಾಗದ ತಿದ್ದುತ್ತಿದ್ದೆ. ಕೇಸು ವಜಾ ಆದದ್ದು ನವೆಂಬರಿನಲ್ಲಿ. ಅವನು ನಾಲ್ಕು ಸಾವಿರ ತಗೊಂಡದ್ದು ಡಿಸೆಂಬರಿನಲ್ಲಿ. ಸತ್ತ ಕೇಸಿಗೆ ಸಾಕ್ಷಿ ಅಫಿಡವಿಟ್!

ಸೀದಾ ಅಂಗಡಿಗೆ ಹೋದೆ. ಅಲ್ಲಿ ನಡೆದ ಮಾತನ್ನು ಇದ್ದ ಹಾಗೇ ಬರೀತೇನೆ, ಯಾಕಂದರೆ ನಾಳೆ ನಿಮಗೂ ಇದೇ ಉತ್ತರ ಸಿಗ್ತದೆ.

ಕೇಸು ವಜಾ ಆಗಿದೆ, ನೀವು ಹೇಳಲಿಲ್ಲ ಯಾಕೆ ಅಂದರೆ, "ತಾರೀಖಿಗೆ ಬರಬೇಕಾದ್ದು ಪಾರ್ಟಿ. ನಿಮ್ಮ ಕೇಸು, ನೀವು ನೋಡ್ಕೊಳ್ಬೇಕು." ಬರೋದು ಬೇಡ ಅಂದವರು ನೀವೇ ಅಲ್ವಾ ಅಂತ ಮೆಸೇಜ್ ತೋರಿಸಿದೆ. "ಅದು ಸೇತುವೆ ಬಿದ್ದಾಗ ಹೇಳಿದ್ದು. ಯಾವಾಗಲೂ ಬರಬೇಡಿ ಅಂದ್ನಾ?" ಹಾಗಾದರೆ ಡಿಸೆಂಬರಿನ ನಾಲ್ಕು ಸಾವಿರ? "ಪೇಪರ್ ರೆಡಿ ಮಾಡಿದ್ದಕ್ಕೆ." ಯಾವ ಪೇಪರ್, ಕೊಡಿ. "ಕಂಪ್ಯೂಟರಿನಲ್ಲಿದೆ, ಹುಡುಕ್ಬೇಕು." ಕಡೆಗೆ, "ನಾನು ವಕೀಲ ಅಂತ ಬೋರ್ಡ್ ಹಾಕಿದ್ದೇನಾ? ಟೈಪ್ ಮಾಡಿದ್ದಕ್ಕೆ ದುಡ್ಡು ತಗೊಂಡೆ, ಅಷ್ಟೇ." ಐದು ಸಾವಿರಕ್ಕೆ ಎಲ್ಲ ನಾನೇ ಮಾಡಿಸ್ತೇನೆ ಅಂದ ಬಾಯಿ ಇದೇ.

ಗಲಾಟೆ ಮಾಡಿ ಫೈಲ್ ಈಸಿಕೊಂಡು ಬಂದೆ. ಅವತ್ತು ರಾತ್ರಿ ಮೊದಲ ಸಲ ನನ್ನ ಅರ್ಜಿ ನಾನು ಓದಿದೆ. ಎದುರುದಾರರ ವಿಳಾಸ ಅಂತ ಮಾವನವರ ಹಳೇ ಮನೆ ಹಾಕಿದ್ದಾನೆ, ಬೀಗ ಬಿದ್ದು ಆರು ವರ್ಷ ಆಗಿದೆ. ವಾಸ್ಕೋದ ವಿಳಾಸ ನಾನೇ ಕೈಯಾರೆ ಬರೆದುಕೊಟ್ಟ ಚೀಟಿ ಅದೇ ಫೈಲಿನಲ್ಲಿ ಪಿನ್ ಹೊಡೆದ ಹಾಗೇ ಇತ್ತು. ಸೆಕ್ಷನ್ ಕೂಡ ಹಳೇದು, ಹಳೇ ದಂಡ ಪ್ರಕ್ರಿಯಾ ಸಂಹಿತೆಯ 125. ಜುಲೈ 1, 2024ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆ ಬಂದು ಜೀವನಾಂಶಕ್ಕೆ 144 ಆಗಿದೆ. ಸೆಕ್ಷನ್ ತಪ್ಪಿದರೆ ಕೇಸೇನೂ ಬಿದ್ದುಹೋಗುವುದಿಲ್ಲವಂತೆ, ಆದರೆ ಹಳೇ ಅರ್ಜಿಗೆ ಹೆಸರು ಬದಲಿಸಿದ್ದು ಅಂತ ಅದರಿಂದಲೇ ಗೊತ್ತಾಯಿತು. ನಾಲ್ಕನೇ ಪುಟದಲ್ಲಿ ನೋಡಿದರೆ "ಅರ್ಜಿದಾರಳು ತನ್ನ ಅಪ್ರಾಪ್ತ ಮಗಳೊಂದಿಗೆ ಹೊನ್ನಾವರ ತಾಲೂಕಿನ ತವರುಮನೆಯಲ್ಲಿ" ಅಂತ ಇದೆ. ನನಗೆ ಮಗಳೇ ಇಲ್ಲ. ಹೊನ್ನಾವರಕ್ಕೂ ನನಗೂ ಸಂಬಂಧವೇ ಇಲ್ಲ. ಕೆಳಗೆ ನನ್ನ ಸಹಿ.

ಮರುದಿನ ಸೊಸೈಟಿಯಲ್ಲಿ ನನ್ನ ಮುಖ ನೋಡಿ ಮ್ಯಾನೇಜರ್ ಕೇಳಿದರು, ಅಳು ಬಂದುಬಿಟ್ಟಿತು. ಅವರು ಹೇಳಿದ್ದು ಒಂದೇ ಮಾತು, "ಕಾನೂನು ಸೇವಾ ಪ್ರಾಧಿಕಾರಕ್ಕೆ ಯಾಕೆ ಹೋಗಲಿಲ್ಲ?" 1987ರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೆ ಮತ್ತು ಮಕ್ಕಳಿಗೆ ಸರಕಾರದ ಖರ್ಚಿನಲ್ಲೇ ವಕೀಲರು ಸಿಗ್ತಾರೆ. ಹೆಂಗಸರಿಗೆ ಆದಾಯದ ಮಿತಿಯೂ ಇಲ್ಲ, ಸಂಬಳ ಇದ್ದರೂ ಸಿಗ್ತದೆ. ಅದರ ಆಫೀಸು ಎಲ್ಲಿ? ಕೋರ್ಟಿನ ಆವರಣದಲ್ಲೇ. ನಾನು ಸಹಿ ಹಾಕಲಿಕ್ಕೆ ಹೋದ ದಿನ ಅದರ ಬೋರ್ಡನ್ನು ಓದಿದ ನೆನಪೂ ಇದೆ. ಅದು ಬಡವರಿಗೆ ಅಂತ ನಾನೇ ಅಂದುಕೊಂಡು ಮುಂದೆ ಹೋದೆ.

ಈಗ ಅಲ್ಲಿಂದ ಕೊಟ್ಟ ವಕೀಲೆ ನನ್ನ ಕೇಸು ನೋಡ್ತಿದ್ದಾರೆ. ಫೈಲ್ ಓದಿ ಅವರು ಕೇಳಿದ್ದು, ಮಧ್ಯಂತರ ಜೀವನಾಂಶದ, ಅಂದರೆ ಕೇಸು ಮುಗಿಯುವ ತನಕ ಕೊಡಿಸುವ ದುಡ್ಡಿನ ಅರ್ಜಿ ಎಲ್ಲಿ? ಹಾಕಿಯೇ ಇಲ್ಲ. ಅದನ್ನು ನೋಟಿಸ್ ಜಾರಿ ಆದ 60 ದಿನದೊಳಗೆ ಆದಷ್ಟು ಮಟ್ಟಿಗೆ ತೀರ್ಮಾನ ಮಾಡಬೇಕು ಅಂತ ಕಾನೂನಿನಲ್ಲೇ ಇದೆಯಂತೆ. ಆಸ್ತಿ, ಆದಾಯ, ಸಾಲದ ವಿವರ ಕೊಡುವ ಪ್ರಮಾಣಪತ್ರ ಎಲ್ಲಿ? ಅದೂ ಇಲ್ಲ. 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ರಜನೀಶ್ ವಿರುದ್ಧ ನೇಹಾ ತೀರ್ಪಿನಲ್ಲಿ ಗಂಡ ಹೆಂಡತಿ ಇಬ್ಬರೂ ಅದನ್ನು ಕೊಡಲೇಬೇಕು ಅಂದಿದೆ. ಸ್ಟಾಂಪ್ ಪೇಪರ್ ಅಂತ ದುಡ್ಡು ತಗೊಂಡನಲ್ಲ, ಕೋರ್ಟಿಗೇ ಸಲ್ಲಿಸುವ ಪ್ರಮಾಣಪತ್ರಕ್ಕೆ ಸ್ಟಾಂಪ್ ಪೇಪರ್ ಬೇಕಾಗಿಯೇ ಇಲ್ಲವಂತೆ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ, ಜೀವನಾಂಶ ಅರ್ಜಿ ಹಾಕಿದ ದಿನದಿಂದ ಕೊಡಿಸಬೇಕು ಅಂತ. ಹಾಗಾಗಿ ನನ್ನ ಹಳೇ ಕೇಸನ್ನೇ ಮತ್ತೆ ಫೈಲಿಗೆ ತಗೊಳ್ಳಿ, ತಡ ಆದದ್ದನ್ನು ಮನ್ನಿಸಿ ಅಂತ ಅರ್ಜಿ ಕೊಟ್ಟಿದ್ದೇವೆ. ಅದು ಆಗದಿದ್ದರೆ ಹೊಸ ಕೇಸು, ಲೆಕ್ಕ ಹೊಸ ತಾರೀಖಿನಿಂದ. ಆ ಏಳು ತಿಂಗಳ ಮಗನ ಫೀಸು, ಬಾಡಿಗೆ, ಅಮ್ಮನಿಂದ ತಂದ ದುಡ್ಡು ಎಲ್ಲ ನನ್ನ ತಲೆ ಮೇಲೆ.

ದುಡ್ಡು ವಾಪಸ್ ಕೇಳಿ, ಕೊಡದಿದ್ದರೆ ದೂರು ಕೊಡ್ತೇನೆ ಅಂತ ಮೆಸೇಜ್ ಹಾಕಿದ್ದೆ. ಅವನ ಉತ್ತರ, "ಕೊಡಿ ಅಕ್ಕಾ. ನಿಮ್ಮ ಮನೆ ವಿಷಯ ಊರಿಗೆಲ್ಲ ಗೊತ್ತಾಗ್ತದೆ, ನನಗೇನು." ಹೆಂಗಸರು ಮರ್ಯಾದೆಗೆ ಹೆದರಿ ಸುಮ್ಮನಾಗ್ತಾರೆ ಅಂತ ಅವನಿಗೆ ಚೆನ್ನಾಗಿ ಗೊತ್ತು. ಅದಕ್ಕೇ ನನ್ನ ಮನೆ ವಿಷಯ ನಾನೇ ಬರೆದೆ. ದೂರನ್ನೂ ಕೊಟ್ಟಿದ್ದೇನೆ.

ಫೈಲಿನ ಒಂದು ಪ್ರತಿ ನಿಮ್ಮ ಮನೆಯಲ್ಲಿರಲಿ. ಪ್ರತಿ ಕೇಸಿಗೂ 16 ಅಕ್ಷರ ಅಂಕಿಗಳ ಸಿಎನ್‌ಆರ್ ನಂಬರ್ ಇರ್ತದೆ, ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ ಮುಂದಿನ ತಾರೀಖು ನಿಮ್ಮ ಮೊಬೈಲಿನಲ್ಲೇ ಕಾಣ್ತದೆ. ನಾನು ಅದೊಂದು ನಂಬರ್ ಕೇಳಿ ಬರೆದಿಟ್ಟುಕೊಂಡಿದ್ದರೆ ಸಾಕಿತ್ತು. ವಕೀಲರು ಬೇಡ ಅನಿಸಿದರೆ ನೀವೇ ಹೋಗಿ ನಿಲ್ಲಿ, ನಡುವೆ ಇಂಥವನು ಬೇಡ. ಕಾನೂನು ಸಹಾಯಕ್ಕೆ 15100ಕ್ಕೆ ಫೋನ್ ಮಾಡಬಹುದು.

ಇನ್ನೊಂದು. ಮಗಳನ್ನು ಕರೆದುಕೊಂಡು ಹೊನ್ನಾವರ ತಾಲೂಕಿನ ತವರುಮನೆಯಲ್ಲಿರುವ ಅಕ್ಕಾ, ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಿಮ್ಮ ಅರ್ಜಿಯ ನಾಲ್ಕನೇ ಪುಟ ನನ್ನ ಫೈಲಿನಲ್ಲಿದೆ. ಇವನ ಹತ್ತಿರ ಟೈಪ್ ಮಾಡಿಸಿದ್ದರೆ, ತಾರೀಖಿಗೆ ನಾನು ನೋಡ್ಕೊಳ್ತೇನೆ ಅಂತ ನಿಮಗೂ ಹೇಳಿದ್ದರೆ, ದಯವಿಟ್ಟು ನಾಳೆಯೇ ಕೋರ್ಟಿಗೆ ಹೋಗಿ ನಿಮ್ಮ ಕೇಸು ಇದೆಯಾ ಅಂತ ಕೇಳಿ.